ಹೆದ್ದಾರಿಯಲ್ಲಿ ಹಳೆಯ ಕಾರು: ಡಿಫರೆನ್ಷಿಯಲ್ ಬದಲಿಸಬೇಕೆ, ಓವರ್‌ಡ್ರೈವ್ ಬೇಕೆ?

ಹಳೆಯ ಕಾರು ಇಟ್ಟುಕೊಂಡವರ ಪತ್ರಗಳಲ್ಲಿ ಈಚೆಗೆ ಬಿಡಿಭಾಗದ ಕೊರತೆಗಿಂತ ಹೆದ್ದಾರಿಯ ಚಿಂತೆಯೇ ಹೆಚ್ಚು ಕಾಣುತ್ತಿದೆ. ರಸ್ತೆಗಳು ಅಗಲವಾದವು, ಅಕ್ಕಪಕ್ಕ ಓಡುವ ವಾಹನಗಳ ವೇಗ ಏರಿತು. ಅರವತ್ತು ವರ್ಷದ ಹಿಂದೆ ಹಲ್ಲು ಕಡಿದ ಗೇರುಗಳು ಮಾತ್ರ ಹಾಗೆಯೇ ಇವೆ. ಈ ಸಂಚಿಕೆಗೆ ಅಂಥ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ (948 ಸಿಸಿ) ಇಂದಿಗೂ ಚೆನ್ನಾಗಿ ಓಡುತ್ತದೆ. ಆದರೆ ಬೆಂಗಳೂರು ಹೆದ್ದಾರಿಯಲ್ಲಿ 80 ಮುಟ್ಟಿದರೆ ಎಂಜಿನ್ ಕಿರುಚತೊಡಗುತ್ತದೆ. 60ಕ್ಕೆ ಇಳಿಸಿದರೆ ಹಿಂದಿನ ಲಾರಿಗಳು ಬೆನ್ನಿಗೇ ಬರುತ್ತವೆ. ಐದು ಗೇರಿನ ಗೇರ್‌ಬಾಕ್ಸ್ ಕೂಡಿಸಬಹುದೆ? ನಾವು ನಾಲ್ವರು ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೂ ಇದರಲ್ಲೇ ಹೋಗುತ್ತೇವೆ. (ಸರಸ್ವತಿಪುರಂ, ಮೈಸೂರು)

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವೇ ನನ್ನ ಉತ್ತರವನ್ನು ನಿರ್ಧರಿಸುತ್ತದೆ. ಧರ್ಮಸ್ಥಳಕ್ಕೆ ಹೋಗುವವರು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿಯಬೇಕು, ಮರಳುವಾಗ ಅದನ್ನೇ ಹತ್ತಬೇಕು. ಹೆದ್ದಾರಿಯ ಸುಖಕ್ಕೆಂದು ಮಾಡಿಸಿದ ಕೆಲಸ ಘಾಟಿಯಲ್ಲಿ ನಿಮ್ಮನ್ನು ಕೈಬಿಡಬಾರದು.

ಮೊದಲು ಲೆಕ್ಕ ನೋಡೋಣ. ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಸುತ್ತನ್ನು ತಗ್ಗಿಸಿ ಹಿಂದಿನ ಚಕ್ರಗಳಿಗೆ ಕೊಡುವ ಗೇರು. ನಿಮ್ಮ ಕಾರಿನಲ್ಲಿ ಅದರ ಅನುಪಾತ 4.875. ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಹೆಚ್ಚುಕಡಿಮೆ ಐದು ಸುತ್ತು ತಿರುಗಿರುತ್ತದೆ. 5.20-13 ಅಳತೆಯ ಟೈರಿಗೆ ಪ್ರತಿ ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸುಮಾರು 21.5 ಕಿ.ಮೀ. ವೇಗ ಸಿಗುತ್ತದೆ, 80ರಲ್ಲಿ ಎಂಜಿನ್ 3,700ರ ಆಸುಪಾಸಿನಲ್ಲಿರುತ್ತದೆ. ಹೀಗೇಕೆ ಮಾಡಿದರು ಎಂದರೆ, ಮೂಲ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು 1959ರ ಏಪ್ರಿಲ್‌ನಲ್ಲಿ. ಅಲ್ಲಿನ ಎಂ1 ಮೋಟಾರುಹಾದಿಯ ಮೊದಲ ಭಾಗ ತೆರೆದದ್ದು ಅದೇ ವರ್ಷದ ನವೆಂಬರಿನಲ್ಲಿ. ಊರಿಂದೂರಿಗೆ ಹೋಗುವ ಡೊಂಕು ರಸ್ತೆಗೆಂದು, ಸುಮಾರು 35 ಅಶ್ವಶಕ್ತಿಯ ಎಂಜಿನ್ನಿಗೆಂದು ಕೂಡಿಸಿದ ಗೇರು ಇದು. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವುದು ಅದನ್ನು ರೂಪಿಸಿದವರ ಮನಸ್ಸಿನಲ್ಲಿ ಇರಲಿಲ್ಲ.

ಆದರೂ ನೀವು ಅಂಜುವಷ್ಟು ಅಪಾಯವಿಲ್ಲ. ಎಂಜಿನ್ ಸವೆಯುವುದು ಆರ್‌ಪಿಎಂ ಒಂದರಿಂದಲೇ ಅಲ್ಲ. ಪಿಸ್ಟನ್ ಎಷ್ಟು ವೇಗವಾಗಿ ಮೇಲೆ ಕೆಳಗೆ ಓಡುತ್ತದೆ ಎಂಬುದನ್ನೂ ನೋಡಬೇಕು. ಹೆರಾಲ್ಡಿನ ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಸರಿಯುವ ದೂರ, 76 ಮಿ.ಮೀ. ಮಾತ್ರ. 3,700 ಆರ್‌ಪಿಎಂಗೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9.4 ಮೀಟರ್. ಆ ಕಾಲದ ಎಂಜಿನ್ನುಗಳಿಗೆ 12ರವರೆಗೆ ಒಯ್ಯಬಾರದು ಎಂದು ನಾನು ಹೇಳುತ್ತೇನೆ, 10ರೊಳಗೆ ದಿನವಿಡೀ ಓಡಿಸಬಹುದು. ಬೇರಿಂಗ್ ಸರಿಯಿದ್ದು, ಆಯಿಲ್ ಪ್ರೆಷರ್ ಇಳಿಯದಿದ್ದರೆ ನಿಮ್ಮ ಎಂಜಿನ್ 80ರಲ್ಲಿ ಕಿರುಚುತ್ತಿದೆ ಅಷ್ಟೇ, ಸಾಯುತ್ತಿಲ್ಲ.

ಹಾಗಾಗಿ ಗೇರಿಗೆ ಕೈ ಹಾಕುವ ಮುಂಚೆ ಎರಡು ಮೂರು ಚಿಕ್ಕ ಕೆಲಸ ಮಾಡಿಸಿ. ಡಿಸ್ಟ್ರಿಬ್ಯೂಟರಿನಲ್ಲಿ ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸಿನ ಪೊರೆ ಹರಿದಿದೆಯೇ ನೋಡಿಸಿ. ಅದು ಹರಿದ ಕಾರು ಸಮ ವೇಗದಲ್ಲಿ ಒರಟಾಗಿ ಓಡುತ್ತದೆ, ಬಿಸಿಯಾಗುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಮಾಲೀಕರು ದೋಷವನ್ನು ಗೇರಿನ ಮೇಲೆ ಹಾಕುತ್ತಾರೆ. ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು, ಎಂಜಿನ್ ಮೌಂಟಿಂಗ್ ರಬ್ಬರು, ಚಕ್ರಗಳ ಬ್ಯಾಲೆನ್ಸ್, ಇವುಗಳನ್ನೂ ನೋಡಿಸಿ. 70 ದಾಟಿದ ಮೇಲೆ ಬರುವ ನಡುಕಕ್ಕೂ ಡಿಫರೆನ್ಷಿಯಲ್ ಅನುಪಾತಕ್ಕೂ ಸಂಬಂಧವಿಲ್ಲ.

ಇಷ್ಟಾದ ಮೇಲೂ ಸದ್ದು ಇಳಿಯಬೇಕೆಂದರೆ ಮೂರು ದಾರಿಗಳಿವೆ.

ಒಂದು, ಡಿಫರೆನ್ಷಿಯಲ್ ಬದಲಾವಣೆ. ಟ್ರಯಂಫ್‌ನವರ ಚಿಕ್ಕ ಕಾರುಗಳ ಡಿಫರೆನ್ಷಿಯಲ್ಲುಗಳು ಒಂದೇ ಕುಟುಂಬದವು. ಹೆರಾಲ್ಡ್ 1200ರದ್ದು 4.11, ಸ್ಪಿಟ್‌ಫೈರ್ 1500ರದ್ದು 3.63. ಫ್ಲಾಂಜಿನ ಅಳತೆ ಹೊಂದಿಸಿಕೊಂಡರೆ ಇವು ನಿಮ್ಮ ಕಾರಿಗೆ ಕೂರುತ್ತವೆ. 4.11 ಹಾಕಿದರೆ 80ಕ್ಕೆ ಸುಮಾರು 3,130 ಆರ್‌ಪಿಎಂ. ಕೇಳಲು ಹಿತವಾದ ಸಂಖ್ಯೆ. ಆದರೆ ಡಿಫರೆನ್ಷಿಯಲ್ ಬದಲಿಸಿದರೆ ಟಾಪ್ ಗೇರು ಒಂದೇ ಅಲ್ಲ, ಮೊದಲ ಗೇರೂ ರಿವರ್ಸೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತವೆ. ಚಕ್ರಕ್ಕೆ ಸಿಗುವ ಎಳೆತ ಎಲ್ಲ ಗೇರುಗಳಲ್ಲಿಯೂ ನೂರಕ್ಕೆ ಹದಿನಾರರಷ್ಟು ಕುಗ್ಗುತ್ತದೆ. ಹೆರಾಲ್ಡಿನ ಮೊದಲ ಗೇರಿಗೆ ಸಿಂಕ್ರೊಮೆಶ್ (ಓಡುವಾಗ ಗೇರು ಸಲೀಸಾಗಿ ಬೀಳುವಂತೆ ಮಾಡುವ ಸಾಧನ) ಇಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಎರಡನೆಯ ಗೇರು ಎಳೆಯದೆ ನಿಂತರೆ, ನಾಲ್ವರು ಕುಳಿತ ಕಾರಿನಲ್ಲಿ, ಹಿಂದೆ ಬಸ್ಸು ಬಂದು ನಿಂತಿರುವಾಗ ಮೊದಲ ಗೇರಿಗೆ ಹೊರಳಬೇಕಾಗುತ್ತದೆ. ಆಗ ಸುಡುವುದು ಕ್ಲಚ್ ಪ್ಲೇಟು. 948 ಸಿಸಿಗೆ 3.63 ಹಾಕುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಎರಡು, ನೀವು ಕೇಳಿದ ಐದು ಗೇರಿನ ಪೆಟ್ಟಿಗೆ. ಇಂಗ್ಲೆಂಡಿನಲ್ಲಿ ಫೋರ್ಡ್ ಟೈಪ್ 9 ಗೇರ್‌ಬಾಕ್ಸನ್ನು ಇಂಥ ಕಾರುಗಳಿಗೆ ಕೂಡಿಸುತ್ತಾರೆ. ಬೆಲ್ ಹೌಸಿಂಗ್, ಕ್ಲಚ್, ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಎಲ್ಲವೂ ಬದಲಾಗುತ್ತವೆ. 35 ಅಶ್ವಶಕ್ತಿಯ ಕಾರಿಗೆ ಇಷ್ಟು ಹಣ ಸುರಿಯಿರಿ ಎಂದು ನಾನು ಹೇಳಲಾರೆ.

ಮೂರು, ಓವರ್‌ಡ್ರೈವ್. ನನ್ನ ಒಲವು ಇದರ ಕಡೆಗೆ. ಗೇರ್‌ಬಾಕ್ಸಿನ ಬೆನ್ನಿಗೆ ಕೂರುವ ಈ ಘಟಕ ಸ್ವಿಚ್ ಒತ್ತಿದಾಗ ಮಾತ್ರ ಎಂಜಿನ್ನಿನ ಸುತ್ತನ್ನು ಐದರಲ್ಲಿ ಒಂದು ಪಾಲು ತಗ್ಗಿಸುತ್ತದೆ. ಸ್ವಿಚ್ ಆರಿಸಿದರೆ ಕಾರು ಮೊದಲಿದ್ದಂತೆಯೇ. ಸ್ಪಿಟ್‌ಫೈರ್, ವಿಟೆಸ್ ಕಾರುಗಳಿಗೆ ಬರುತ್ತಿದ್ದ ಲೇಕಾಕ್ ಓವರ್‌ಡ್ರೈವಿನ ಅನುಪಾತ 0.80ರ ಹತ್ತಿರ. ನಿಮ್ಮ 4.875ನ್ನು ಮುಟ್ಟದೆಯೇ 80ಕ್ಕೆ 3,000ಕ್ಕಿಂತ ತುಸು ಕಡಿಮೆ ಆರ್‌ಪಿಎಂ ಸಿಗುತ್ತದೆ. ಶ್ರೀರಂಗಪಟ್ಟಣ ದಾಟಿ ಸಮತಟ್ಟಾದ ಹೆದ್ದಾರಿ ಸಿಕ್ಕಾಗ ಹಾಕಿ, ಏರು ಕಂಡಾಗ ತೆಗೆಯಿರಿ. ಚಾರ್ಮಾಡಿಯಲ್ಲಿ ನಿಮ್ಮ ತಂದೆಯವರ ಕಾಲದ ಎಳೆತವೇ ಇರುತ್ತದೆ. ಒಂದು ಎಚ್ಚರಿಕೆ: ಹೊರಗಿನಿಂದ ತರಿಸುವಾಗ ಬರಿಯ ಓವರ್‌ಡ್ರೈವ್ ಘಟಕವನ್ನು ಕೊಳ್ಳಬೇಡಿ. ಅದಕ್ಕೆ ತಕ್ಕ ಮೇನ್‌ಶಾಫ್ಟ್ ಇರುವ ಗೇರ್‌ಬಾಕ್ಸಿನೊಂದಿಗೆ ಒಟ್ಟಾಗಿ ಕೊಳ್ಳಿ. ಪ್ರೊಪೆಲ್ಲರ್ ಶಾಫ್ಟನ್ನು ಮೊಟಕು ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ.

ಓವರ್‌ಡ್ರೈವ್ ಸಿಗದೇ ಹೋದರೆ 4.55ರ ಡಿಫರೆನ್ಷಿಯಲ್ ಹುಡುಕಿ. 80ಕ್ಕೆ 3,470. ಲಾಭ ಚಿಕ್ಕದು, ಘಾಟಿಯಲ್ಲಿ ನಷ್ಟವೂ ಚಿಕ್ಕದು. ಡಿಫರೆನ್ಷಿಯಲ್ ಬದಲಿಸಿದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ ಎಂಬುದನ್ನು ಮರೆಯಬೇಡಿ, ಅದು ಸುತ್ತು ಎಣಿಸುವುದು ಗೇರ್‌ಬಾಕ್ಸಿನ ಹಿಂಬದಿಯಲ್ಲಿ. 4.11 ಹಾಕಿದ ಹೆರಾಲ್ಡಿನಲ್ಲಿ ಮುಳ್ಳು 84 ತೋರಿಸುವಾಗ ನಿಜವಾದ ವೇಗ 100 ಆಗಿರುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಕಾರಿನ ವೇಗದ ಮಿತಿಯೇ 100. ಲೇಕಾಕ್ ಓವರ್‌ಡ್ರೈವಿನಲ್ಲಿ ಈ ತೊಂದರೆಯಿಲ್ಲ. ಸ್ಪೀಡೋಮೀಟರಿನ ಕೇಬಲ್ಲು ಓವರ್‌ಡ್ರೈವಿನ ಹಿಂಬದಿಯಿಂದಲೇ ಬರುತ್ತದೆ.

ಯಾವ ದಾರಿ ಹಿಡಿದರೂ ನಿಮ್ಮ ಬ್ರೇಕುಗಳು ನಾಲ್ಕು ಚಕ್ರಕ್ಕೂ ಡ್ರಮ್ಮೇ. 80ರ ಮೇಲೆ ಓಡಿಸುವುದಕ್ಕೆ ನನ್ನ ಸಮ್ಮತಿಯಿಲ್ಲ.

ಪ್ರಶ್ನೆ: 1968ರ ಅಂಬಾಸಿಡರ್ ಮಾರ್ಕ್ 2, 1489 ಸಿಸಿ. ಇಸುಜು 1.8 ಎಂಜಿನ್ನನ್ನು ಅದರ ಐದು ಗೇರಿನೊಂದಿಗೆ ಕೂಡಿಸಿದರೆ ಹೆದ್ದಾರಿಯಲ್ಲಿ ಹೊಸ ಕಾರಿನಂತೆ ಓಡುತ್ತದೆ ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ಮಾಡಿಸಲೇ? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಬೇಡ ಎಂದೇ ನನ್ನ ಸಲಹೆ. ಓಡುವುದು ನಿಜ, ತೊಂಬತ್ತರ ದಶಕದಲ್ಲಿ ಕಾರ್ಖಾನೆಯೇ ಆ ಎಂಜಿನ್ನನ್ನೂ ಐದು ಗೇರನ್ನೂ ಅಂಬಾಸಿಡರಿಗೆ ಕೂಡಿಸಿತು. ಆದರೆ ನಿಮ್ಮ ಕಾರು 1968ರದ್ದು. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿಯೇ ಉಳಿದಿರುವ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಎಂಜಿನ್, ಚಾಸಿ, ಬಾಡಿಗಳನ್ನು ಬದಲಿಸಿದ ಕಾರಿಗೆ ಆ ಗೌರವ ಸಲ್ಲದು. ಎಂಜಿನ್ ಬದಲಾವಣೆಯನ್ನು ಆರ್‌ಟಿಓ ಕಚೇರಿಯಲ್ಲಿ ಮುಂಚೆಯೇ ತಿಳಿಸಿ ಆರ್‌ಸಿಯಲ್ಲಿ ಬರೆಸುವುದೂ ಕಡ್ಡಾಯ. ವಿಎ ನೋಂದಣಿ ಪಡೆದ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿಮಗೆ ಯಾವುದು ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ನಿಮ್ಮ ಕಾರಿನಲ್ಲಿ ಯಾವ ಡಿಫರೆನ್ಷಿಯಲ್ ಇದೆ ಎಂದು ನೀವು ಬರೆದಿಲ್ಲ. ಐವತ್ತು ವರ್ಷದಲ್ಲಿ ಎಷ್ಟೋ ಅಂಬಾಸಿಡರುಗಳ ಹೌಸಿಂಗೇ ಬದಲಾಗಿರುತ್ತದೆ, ಪುಸ್ತಕ ನೋಡಿ ಹೇಳಿದರೆ ತಪ್ಪಾದೀತು. ಮನೆಯಲ್ಲೇ ಅಳೆಯಿರಿ. ಮುಂದಿನ ಚಕ್ರಗಳಿಗೂ ನೆಲದಲ್ಲಿರುವ ಹಿಂದಿನ ಚಕ್ರಕ್ಕೂ ಭದ್ರವಾಗಿ ಕಲ್ಲು ಕೊಟ್ಟು, ಇನ್ನೊಂದು ಹಿಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಪ್ರೊಪೆಲ್ಲರ್ ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತು ಎಂದು ಮನೆಯವರೊಬ್ಬರು ಎಣಿಸಲಿ. ಬಂದದ್ದನ್ನು 10ರಿಂದ ಭಾಗಿಸಿ. ಇಪ್ಪತ್ತರಿಂದಲ್ಲ, ಏಕೆಂದರೆ ಒಂದು ಚಕ್ರ ನಿಂತಿರುವಾಗ ಇನ್ನೊಂದು ಇಮ್ಮಡಿ ತಿರುಗುತ್ತದೆ. ನಲವತ್ತೈದೂವರೆ ಸುತ್ತು ಬಂದರೆ ಅನುಪಾತ 4.55.

ಮುಂದೆ ಟೈರಿಗೆ ಗುರುತು ಹಾಕಿ ಕಾರನ್ನು ಒಂದು ಸುತ್ತು ತಳ್ಳಿ ನೆಲದಲ್ಲಿ ಅಳೆಯಿರಿ. ಎರಡು ಮೀಟರಿಗೆ ತುಸು ಮೇಲಿರುತ್ತದೆ. ವೇಗವನ್ನು ಅನುಪಾತದಿಂದಲೂ 16.67ರಿಂದಲೂ ಗುಣಿಸಿ, ಆ ಮೀಟರ್ ಅಳತೆಯಿಂದ ಭಾಗಿಸಿದರೆ ಟಾಪ್ ಗೇರಿನ ಆರ್‌ಪಿಎಂ ಸಿಗುತ್ತದೆ. 4.55ಕ್ಕೆ 80ರಲ್ಲಿ ಸುಮಾರು 2,970. 88.9 ಮಿ.ಮೀ. ಸ್ಟ್ರೋಕಿನ ನಿಮ್ಮ ಎಂಜಿನ್ನಿಗೆ ಪಿಸ್ಟನ್ ವೇಗ 8.8 ಮೀಟರ್. ಅದು ಆರಾಮದ ಓಟ. ನಿಮಗೆ ಕೇಳುವ ಸದ್ದಿನಲ್ಲಿ ಗಾಳಿಯದು, ಸೈಲೆನ್ಸರಿನದು, ಡಿಫರೆನ್ಷಿಯಲ್ಲಿನ ಸವೆದ ಕ್ರೌನ್ ಪಿನಿಯನ್ನಿನದು ಎಷ್ಟು ಎಂದು ಮೊದಲು ಬೇರ್ಪಡಿಸಿ.

ಪ್ರಶ್ನೆ: ತೋಟದಲ್ಲಿ ಹಳೆಯ ಮಹೀಂದ್ರ ಸಿಜೆ 3ಬಿ ಪೆಟ್ರೋಲ್ ಜೀಪಿದೆ. ಹಾಸನದವರೆಗೆ ಹೋಗುವಾಗ 70 ಮಾಡಿದರೆ ಹೆದರಿಕೆಯಾಗುತ್ತದೆ. ದೊಡ್ಡ ಟೈರ್ ಹಾಕಿಸಲೇ? (ಸಕಲೇಶಪುರ)

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿದೆ. ಹರಿಕೇನ್ ಎಂಜಿನ್ನಿನ ಸ್ಟ್ರೋಕ್ 111 ಮಿ.ಮೀ., ಡಿಫರೆನ್ಷಿಯಲ್ 5.38 ಇದ್ದು 6.00-16 ಟೈರ್ ಇದ್ದರೆ 70ಕ್ಕೆ 2,900 ಆರ್‌ಪಿಎಂ. ಪಿಸ್ಟನ್ ಸೆಕೆಂಡಿಗೆ 10.7 ಮೀಟರ್ ಓಡುತ್ತಿರುತ್ತದೆ. ಮೇಲಿನ ಹೆರಾಲ್ಡ್ 3,700ರಲ್ಲಿ ಪಡುವ ಶ್ರಮಕ್ಕಿಂತ ಇದು ಹೆಚ್ಚು.

ದೊಡ್ಡ ಟೈರಿನಿಂದ ಸುತ್ತು ತಗ್ಗುವುದೇನೋ ಹೌದು, ಆದರೆ ತೋಟದ ಏರಿನಲ್ಲಿ ಗೊಬ್ಬರದ ಮೂಟೆ ಹೊತ್ತ ಜೀಪಿಗೆ ಎಳೆತ ತಗ್ಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತದೆ. ಡಿಫರೆನ್ಷಿಯಲ್ ಬದಲಿಸುವುದಾದರೆ ಹಿಂದಿನದು ಮುಂದಿನದು ಎರಡನ್ನೂ ಒಂದೇ ಅನುಪಾತಕ್ಕೆ ಬದಲಿಸಬೇಕು. ಇಲ್ಲವಾದರೆ ಫೋರ್ ವೀಲ್ ಹಾಕಿದ ದಿನ ಒಂದಕ್ಕೊಂದು ಎಳೆದಾಡಿ ಮುರಿಯುತ್ತವೆ.

ಜೀಪಿಗೆ ಒಂದು ಅಚ್ಚುಕಟ್ಟಾದ ಉಪಾಯವಿದೆ. ಮುಂದಿನ ಹಿಂದಿನ ಆಕ್ಸಲುಗಳಿಗೆ ಶಕ್ತಿ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪಿಟಿಓ (ಬೇರೆ ಯಂತ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಜೋಡಣೆ) ಕೂಡಿಸಲೆಂದು ಬಿಟ್ಟ ಕಿಂಡಿಯಿದೆ. ಅಮೆರಿಕದ ವಾರ್ನ್ ಕಂಪನಿಯ ಓವರ್‌ಡ್ರೈವ್ ಕೂರುವುದು ಅಲ್ಲಿಯೇ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕಾಗಿಲ್ಲ, ಮುಂದಿನ ಹಿಂದಿನ ಆಕ್ಸಲ್ ಎರಡಕ್ಕೂ ಅನ್ವಯಿಸುತ್ತದೆ, ಸುತ್ತು ಕಾಲುಭಾಗ ಇಳಿಯುತ್ತದೆ. 70ಕ್ಕೆ 2,170 ಆರ್‌ಪಿಎಂ. ಮೂರು ಗೇರಿನ ಮಧ್ಯೆಯೂ ಬಳಸಬಹುದಾದ್ದರಿಂದ ಗುಡ್ಡದಲ್ಲಿ ಎರಡನೆಯದು ಕಿರುಚಿ ಮೂರನೆಯದು ಎಳೆಯದ ಜಾಗದಲ್ಲಿ ಬಲು ಉಪಕಾರಿ. ಹಳೆಯದನ್ನು ಕೊಂಡರೆ ಬೇರಿಂಗ್ ಬಿಚ್ಚಿ ನೋಡಿ, ಆಯಿಲ್ ಮಟ್ಟವನ್ನು ಮೇಲಿಂದ ಮೇಲೆ ಪರೀಕ್ಷಿಸಿ. ಆಯಿಲ್ ಒಣಗಿದ್ದೇ ಇವುಗಳ ಸಾವಿಗೆ ಕಾರಣ. ಸುತ್ತು ತಗ್ಗಿತೆಂದು 90 ಓಡಿಸುವ ಆಸೆ ಬೇಡ. ಚಕ್ರಾಂತರ 80 ಅಂಗುಲ ಮಾತ್ರ ಇರುವ, ಪಟ್ಟಿ ಸ್ಪ್ರಿಂಗಿನ ಗಾಡಿ ಅದು.

ಪ್ರಶ್ನೆ: ಅಜ್ಜನ ಕಾಲದ ಸ್ಟುಡಿಬೇಕರ್ ಚಾಂಪಿಯನ್ ಕಾರನ್ನು ದುರಸ್ತಿ ಮಾಡಿಸಿದ್ದೇನೆ. ಡ್ಯಾಶ್‌ಬೋರ್ಡಿನ ಕೆಳಗೆ ಒಳಗೆ ತಳ್ಳುವ ಒಂದು ಹಿಡಿಕೆಯಿದೆ. ತಳ್ಳಿದಾಗ ಕಾರು ಆಕ್ಸಿಲರೇಟರ್ ಬಿಟ್ಟರೂ ನಿಧಾನವಾಗುವುದಿಲ್ಲ, ನ್ಯೂಟ್ರಲ್‌ಗೆ ಬಿದ್ದಂತೆ ಜಾರುತ್ತದೆ. ಏನಾದರೂ ಮುರಿದಿದೆಯೆ? (ಬೆಳಗಾವಿ)

ಉತ್ತರ: ಏನೂ ಮುರಿದಿಲ್ಲ. ನಿಮ್ಮ ಅಜ್ಜ ಓವರ್‌ಡ್ರೈವ್ ಇರುವ ಕಾರನ್ನೇ ಕೊಂಡಿದ್ದರು! ಅದು ಬೋರ್ಗ್ ವಾರ್ನರ್ ಘಟಕ, ಅನುಪಾತ 0.70. ಹಿಡಿಕೆ ಒಳಗಿರುವಾಗ ಕಡಿಮೆ ವೇಗದಲ್ಲಿ ಕಾರು ಫ್ರೀವೀಲಿನ ಮೇಲೆ ಓಡುತ್ತದೆ. ಸೈಕಲ್ ತುಳಿಯುವುದನ್ನು ನಿಲ್ಲಿಸಿದಾಗ ಆಗುವಂತೆಯೇ. ಗಂಟೆಗೆ 45-50 ಕಿ.ಮೀ. ದಾಟಿ ಆಕ್ಸಿಲರೇಟರಿನಿಂದ ಒಮ್ಮೆ ಕಾಲೆತ್ತಿದರೆ ಸೋಲೆನಾಯ್ಡ್ (ವಿದ್ಯುತ್ತಿನಿಂದ ಸರಿಯುವ ಕೀಲು) ಕಚ್ಚಿಕೊಂಡು ಓವರ್‌ಡ್ರೈವ್ ಹಿಡಿಯುತ್ತದೆ. ಓವರ್‌ಟೇಕಿಗೆ ಎಳೆತ ಬೇಕಾದರೆ ಆಕ್ಸಿಲರೇಟರನ್ನು ಪೂರ್ತಿ ತುಳಿಯಿರಿ. ಕೆಳಗಿನ ಸ್ವಿಚ್ಚು ಕ್ಷಣಮಾತ್ರ ಇಗ್ನಿಷನ್ ಕಡಿದು ಹಲ್ಲಿನ ಮೇಲಿನ ಒತ್ತಡ ಸಡಿಲಿಸುತ್ತದೆ, ಕಾರು ನೇರ ಗೇರಿಗೆ ಮರಳುತ್ತದೆ. ಕಂಪ್ಯೂಟರಿನ ಹೆಸರೇ ಕೇಳದ ಕಾಲದಲ್ಲಿ ಗವರ್ನರ್, ರಿಲೇ, ಸೋಲೆನಾಯ್ಡ್‌ಗಳಿಂದಲೇ ಇದನ್ನು ಸಾಧಿಸಿದವರ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಚೋರ್ಲಾ ಘಾಟಿ ನಿಮಗೆ ಹತ್ತಿರ, ಆದ್ದರಿಂದ ಇದನ್ನು ಗಮನವಿಟ್ಟು ಓದಿ. ಫ್ರೀವೀಲಿನಲ್ಲಿ ಎಂಜಿನ್ ಬ್ರೇಕ್ ಇರುವುದಿಲ್ಲ. ಇಳಿಜಾರು ಆರಂಭವಾಗುವ ಮೊದಲೇ ಕಾರು ನಿಲ್ಲಿಸಿ ಹಿಡಿಕೆಯನ್ನು ಹೊರಗೆ ಎಳೆದುಬಿಡಿ. ಹಿಡಿಕೆ ಒಳಗಿರುವಾಗ ಗೇರಿನಲ್ಲಿ ಇಟ್ಟು ನಿಲ್ಲಿಸಿದರೂ ಕಾರು ಮುಂದಕ್ಕೆ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲನ್ನೂ ಇಡಿ. ತಳ್ಳಿ ಸ್ಟಾರ್ಟ್ ಮಾಡುವುದೂ ಹಾಗೆ ಆಗದು.

ಪ್ರಶ್ನೆ: ನಾನು ಶಿವಮೊಗ್ಗದವನು, ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. 1972ರ ಎಂಜಿಬಿ ಕೊಂಡೆ. ಓವರ್‌ಡ್ರೈವ್ ಕೆಲವೊಮ್ಮೆ ಹಿಡಿಯುವುದಿಲ್ಲ, ಹಿಡಿದರೆ ಬಿಡುವುದು ತಡ. ಗೇರ್‌ಬಾಕ್ಸ್ ಇಳಿಸಬೇಕೆನ್ನುತ್ತಾರೆ ಇಲ್ಲಿನವರು. (ಲೆಸ್ಟರ್)

ಉತ್ತರ: ಇಳಿಸುವ ಮುನ್ನ ಕಿವಿ ಕೊಟ್ಟು ಕೇಳಿ. ಎಂಜಿನ್ ಆರಿಸಿ, ಇಗ್ನಿಷನ್ ಮಾತ್ರ ಹಾಕಿ, ನಾಲ್ಕನೆಯ ಗೇರಿನಲ್ಲಿಟ್ಟು ಓವರ್‌ಡ್ರೈವ್ ಸ್ವಿಚ್ ಒತ್ತಿ. ಕೆಳಗಿನಿಂದ ಸೋಲೆನಾಯ್ಡಿನ ಟಕ್ ಸದ್ದು ಬರಬೇಕು. ಬರದಿದ್ದರೆ ದೋಷ ವಿದ್ಯುತ್ತಿನದು: ತಂತಿಯ ಜೋಡಣೆ, ಅರ್ತಿಂಗ್, ಇಲ್ಲವೇ ಗೇರ್‌ಬಾಕ್ಸಿನ ಮೇಲಿರುವ, ಕೆಳ ಗೇರುಗಳಲ್ಲಿ ಓವರ್‌ಡ್ರೈವ್ ಹಿಡಿಯದಂತೆ ತಡೆಯುವ ಇನ್ಹಿಬಿಟರ್ ಸ್ವಿಚ್. ಸದ್ದು ಬಂದೂ ಹಿಡಿಯದಿದ್ದರೆ ಆಯಿಲ್ ಕಡೆ ನೋಡಿ. ಈ ಘಟಕಕ್ಕೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಒಳಗೊಂದು ಪಂಪಿದೆ, ಅದರ ಒತ್ತಡವೇ ಶಂಕುವಿನಾಕಾರದ ಕ್ಲಚ್ಚನ್ನು ಸರಿಸಿ ನಡುವಿನ ಸನ್ ಗೇರನ್ನು ಹಿಡಿದು ನಿಲ್ಲಿಸುತ್ತದೆ, ಆಗ ಸುತ್ತಲಿನ ಗೇರುಗಳು ಔಟ್‌ಪುಟ್ ಶಾಫ್ಟನ್ನು ಹೆಚ್ಚು ವೇಗವಾಗಿ ತಿರುಗಿಸುತ್ತವೆ. ಆಯಿಲ್ ಕಡಿಮೆಯಿದ್ದರೆ, ಫಿಲ್ಟರ್ ಕಟ್ಟಿಕೊಂಡರೆ ಒತ್ತಡವೇ ಏಳದು. 20ಡಬ್ಲ್ಯೂ-50 ಎಂಜಿನ್ ಆಯಿಲ್ ಹಾಕಿ, ಜಾರುವಿಕೆ ಹೆಚ್ಚಿಸುವ ಯಾವ ಸೇರ್ಪಡೆಯನ್ನೂ ಹಾಕಬೇಡಿ. ಆ ಕ್ಲಚ್ ಕೆಲಸ ಮಾಡುವುದೇ ಉಜ್ಜುವಿಕೆಯಿಂದ.

ನಿಮ್ಮ ಕಾರಿಗೆ ಇದು ಬೇಕೇ ಬೇಕು. 3.9ರ ಡಿಫರೆನ್ಷಿಯಲ್ಲಿನಲ್ಲಿ 110 ಕಿ.ಮೀ. ವೇಗಕ್ಕೆ 3,800 ಆರ್‌ಪಿಎಂ, ಓವರ್‌ಡ್ರೈವ್ ಹಾಕಿದರೆ 3,100. ಹಾಕುವಾಗ ಕ್ಲಚ್ ತುಳಿಯಬೇಕಿಲ್ಲ, ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಹಿಡಿದಿದ್ದರೆ ಸಾಕು.

ಬಿಡುವುದು ತಡ ಎಂದಿರಲ್ಲ, ಅದರ ಬಗ್ಗೆ ಉದಾಸೀನ ಬೇಡ. ಓವರ್‌ಡ್ರೈವ್ ಹಿಡಿದುಕೊಂಡಿರುವಾಗಲೇ ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಒಳಗಿನ ಏಕಮುಖ ಕ್ಲಚ್ ಪುಡಿಯಾಗುತ್ತದೆ, ಆಮೇಲೆ ಗೇರ್‌ಬಾಕ್ಸ್ ಇಳಿಸುವುದು ಖಂಡಿತ. ದುರಸ್ತಿಯಾಗುವವರೆಗೆ ಹಿಂದಕ್ಕೆ ತೆಗೆಯುವ ಮುನ್ನ ಮೊದಲ ಗೇರಿನಲ್ಲಿ ನಾಲ್ಕಾರು ಗಜ ಮುಂದೆ ಹೋಗಿ, ಎಳೆತ ಎಂದಿನಂತೆ ಇದೆಯೇ ನೋಡಿಕೊಳ್ಳಿ. ಕಾರು ಉದ್ದ ಗೇರಿನಲ್ಲಿರುವಂತೆ ಒದ್ದಾಡಿದರೆ ರಿವರ್ಸ್ ಮುಟ್ಟಬೇಡಿ, ಇಳಿದು ಕೈಯಿಂದ ತಳ್ಳಿ.